ಆಟ ಶುರುವಾದ ಮೇಲೆ ನಿಯಮದ ಜಗಳ: ಅಮೆರಿಕದ ಪಕ್ಷಗಳು ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಬಗೆ

ನಮ್ಮಲ್ಲಿ ಚುನಾವಣೆ ಹತ್ತಿರವಾಯಿತೆಂದರೆ ಮೊದಲು ಏಳುವ ಪ್ರಶ್ನೆ ಟಿಕೆಟ್ ಯಾರಿಗೆ ಎಂಬುದು. ಅದನ್ನು ನಿರ್ಧರಿಸುವುದು ಹೈಕಮಾಂಡ್. ಬಿ ಫಾರಂ ಕೈಗೆ ಬಂದವರು ಅಭ್ಯರ್ಥಿ, ಬಾರದವರು ಬಂಡಾಯಗಾರರು ಅಥವಾ ಮೌನಿಗಳು. ಈ ಆಯ್ಕೆಯಲ್ಲಿ ತನಗೂ ಒಂದು ಮತವಿದೆ ಎಂದು ಯಾವ ಸಾಮಾನ್ಯ ಮತದಾರನೂ ಎಣಿಸಿಲ್ಲವಾದ್ದರಿಂದ, ಆ ಮತವನ್ನು ಕಸಿದುಕೊಂಡರು ಎಂಬ ದೂರೂ ಅವನಿಂದ ಬರುವುದಿಲ್ಲ. ಅಮೆರಿಕದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಕೋಟ್ಯಂತರ ಸಾಮಾನ್ಯ ಜನ ಸುಮಾರು ಐದು ತಿಂಗಳ ಕಾಲ, ಒಂದೊಂದು ರಾಜ್ಯದಲ್ಲಿ ಒಂದೊಂದು ದಿನ ಮತ ಹಾಕಿ ಆರಿಸುತ್ತಾರೆ. ಮತ ಹಾಕಿದವರಿಗೆ ಲೆಕ್ಕ ಕೇಳುವ ಹಕ್ಕೂ ಬರುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಅಲ್ಲಿ ಏಳುವ ‘ನಿಯಮ ಮುರಿದರು’, ‘ಮೊದಲೇ ನಿರ್ಧರಿಸಿಬಿಟ್ಟಿದ್ದರು’ ಎಂಬ ಕೂಗಿನ ಮೂಲ ಇಲ್ಲಿದೆ.

ಈ ಜಗಳಗಳನ್ನು ಅರ್ಥಮಾಡಿಕೊಳ್ಳಬೇಕಾದರೆ ಅಮೆರಿಕದ ಪಕ್ಷಕ್ಕೆ ಎರಡು ಸ್ವರೂಪಗಳಿವೆ ಎಂಬುದನ್ನು ಮೊದಲು ಗಮನಿಸಬೇಕು. ಕಾನೂನಿನ ಕಣ್ಣಿನಲ್ಲಿ ಅದೊಂದು ಖಾಸಗಿ ಸಂಘ. ತನ್ನ ನಿಯಮಾವಳಿಯನ್ನು ತಾನೇ ಬರೆದುಕೊಳ್ಳುತ್ತದೆ, ತನ್ನ ಸಭೆಗೆ ಯಾರನ್ನು ಬಿಟ್ಟುಕೊಳ್ಳಬೇಕೆಂದು ತಾನೇ ತೀರ್ಮಾನಿಸುತ್ತದೆ. ಆದರೆ ಅದೇ ಪಕ್ಷದ ಪ್ರೈಮರಿ ಚುನಾವಣೆಯನ್ನು, ಅಂದರೆ ಅಭ್ಯರ್ಥಿಯನ್ನು ಆರಿಸಲು ನಡೆಯುವ ಮತದಾನವನ್ನು, ಬಹುತೇಕ ರಾಜ್ಯಗಳಲ್ಲಿ ಸರ್ಕಾರವೇ, ಸಾರ್ವಜನಿಕ ಹಣದಲ್ಲಿ, ಸರ್ಕಾರಿ ಮತಗಟ್ಟೆಗಳಲ್ಲಿ ನಡೆಸುತ್ತದೆ. ಆ ಮತಗಟ್ಟೆಗೆ ಹೋದವರಿಗೆ ತಾವು ಭಾಗವಹಿಸುತ್ತಿರುವುದು ಒಂದು ಸಂಘದ ಆಂತರಿಕ ಪ್ರಕ್ರಿಯೆಯಲ್ಲಿ ಎಂದು ಅನ್ನಿಸುವುದಿಲ್ಲ. ಪಕ್ಷ ತನ್ನ ನಿಯಮಾವಳಿಯ ಪುಟ ತೋರಿಸುತ್ತದೆ, ಮತದಾರ ತನ್ನ ಮತಪತ್ರವನ್ನು ತೋರಿಸುತ್ತಾನೆ. ನ್ಯಾಯ ಎಂಬ ಒಂದೇ ಪದವನ್ನು ಇಬ್ಬರೂ ಬಳಸಿದರೂ ಅವರ ಮನಸ್ಸಿನಲ್ಲಿರುವ ಅರ್ಥ ಬೇರೆ ಬೇರೆ. ಮೊದಲೇ ಪ್ರಕಟಿಸಿದ ನಿಯಮವನ್ನು ಎಲ್ಲರಿಗೂ ಸಮನಾಗಿ ಅನ್ವಯಿಸುವುದು ಒಬ್ಬರಿಗೆ ನ್ಯಾಯ; ಮತ ಹಾಕಿದವರ ಇಚ್ಛೆ ಫಲಿತಾಂಶದಲ್ಲಿ ಕಾಣುವುದು ಇನ್ನೊಬ್ಬರಿಗೆ ನ್ಯಾಯ.

ವ್ಯವಸ್ಥೆಯ ಚೌಕಟ್ಟು ಹೀಗಿದೆ. ಮತದಾರರು ನೇರವಾಗಿ ಅಭ್ಯರ್ಥಿಯನ್ನು ಆರಿಸುವುದಿಲ್ಲ. ಅವರ ಮತದ ಆಧಾರದ ಮೇಲೆ ಪ್ರತಿ ರಾಜ್ಯದಿಂದ ಇಂತಿಷ್ಟು ಡೆಲಿಗೇಟುಗಳು, ಅಂದರೆ ಪ್ರತಿನಿಧಿಗಳು, ಬೇಸಿಗೆಯ ರಾಷ್ಟ್ರೀಯ ಸಮಾವೇಶಕ್ಕೆ ಹೋಗುತ್ತಾರೆ. ಅಲ್ಲಿ ಬಹುಮತ ಪಡೆದವರು ಅಭ್ಯರ್ಥಿ. ಕೆಲವು ರಾಜ್ಯಗಳಲ್ಲಿ ಗುಪ್ತ ಮತದಾನದ ಪ್ರೈಮರಿ ನಡೆದರೆ, ಕೆಲವು ಕಡೆ ಕಾಕಸ್ ಎಂಬ ಸಭೆ ಸೇರಿ, ಗಂಟೆಗಟ್ಟಲೆ ಕುಳಿತು ಚರ್ಚಿಸಿ, ಎಲ್ಲರ ಎದುರಿಗೇ ಗುಂಪುಗೂಡಿ ಬೆಂಬಲ ತೋರಿಸುತ್ತಾರೆ. ಡೆಮಾಕ್ರಟಿಕ್ ಪಕ್ಷದಲ್ಲಿ ಪ್ರತಿನಿಧಿಗಳನ್ನು ಮತದ ಪ್ರಮಾಣಕ್ಕೆ ತಕ್ಕಂತೆ ಹಂಚುತ್ತಾರೆ, ಶೇ 15ರಷ್ಟು ಮತ ಪಡೆಯದವರಿಗೆ ಏನೂ ಸಿಗುವುದಿಲ್ಲ. ರಿಪಬ್ಲಿಕನ್ ಪಕ್ಷದಲ್ಲಿ ಹಲವು ರಾಜ್ಯಗಳು ಗೆದ್ದವರಿಗೇ ಎಲ್ಲವನ್ನೂ ಕೊಡುತ್ತವೆ.

‘ಪ್ರಮಾಣಕ್ಕೆ ತಕ್ಕಂತೆ’ ಎಂಬ ಮಾತು ಕೇಳಲು ಸರಳ, ಲೆಕ್ಕಕ್ಕೆ ಕುಳಿತಾಗ ಅದರ ತೊಡಕು ಗೊತ್ತಾಗುತ್ತದೆ. ನಾಲ್ಕು ಪ್ರತಿನಿಧಿಗಳಿರುವ ಒಂದು ಕ್ಷೇತ್ರದಲ್ಲಿ ಇಬ್ಬರೇ ಸ್ಪರ್ಧಿಗಳಿದ್ದು, ಒಬ್ಬರಿಗೆ ಶೇ 60, ಇನ್ನೊಬ್ಬರಿಗೆ ಶೇ 40 ಮತ ಬಿದ್ದವು ಎಂದುಕೊಳ್ಳಿ. ನಾಲ್ಕರಲ್ಲಿ ಶೇ 60 ಎಂದರೆ 2.4, ಶೇ 40 ಎಂದರೆ 1.6, ಪೂರ್ಣಾಂಕಕ್ಕೆ ಇಳಿಸಿದಾಗ ಇಬ್ಬರಿಗೂ ಎರಡೆರಡು. ಪಕ್ಕದ ಕ್ಷೇತ್ರದಲ್ಲಿ ಐದು ಪ್ರತಿನಿಧಿಗಳಿದ್ದರೆ, ಅಲ್ಲಿ ಶೇ 51 ಮತ ಪಡೆದವರಿಗೆ ಮೂರು, ಶೇ 49 ಪಡೆದವರಿಗೆ ಎರಡು. ಅಂದರೆ ಶೇ 20ರ ಅಂತರದ ಭಾರಿ ಗೆಲುವಿನಿಂದ ಏನೂ ಲಾಭವಿಲ್ಲ, ಕೂದಲೆಳೆಯ ಗೆಲುವಿನಿಂದ ಒಬ್ಬ ಪ್ರತಿನಿಧಿಯ ಲಾಭ. 2008ರ ಡೆಮಾಕ್ರಟಿಕ್ ಸ್ಪರ್ಧೆಯ ನೆವಾಡಾ ಕಾಕಸ್‌ನಲ್ಲಿ ಹಿಲರಿ ಕ್ಲಿಂಟನ್ ಅವರಿಗೆ ಹೆಚ್ಚಿನ ಬೆಂಬಲ ಬಂದರೂ ಬರಾಕ್ ಒಬಾಮ ಅವರಿಗೆ 13, ಕ್ಲಿಂಟನ್ ಅವರಿಗೆ 12 ಪ್ರತಿನಿಧಿಗಳು ದಕ್ಕಿದ್ದು ಈ ಬೆಸ-ಸರಿಯ ಲೆಕ್ಕದಿಂದಲೇ. ಅದೇ ವರ್ಷ ಒಬಾಮ ಐಡಹೊ ಎಂಬ ಸಣ್ಣ ರಾಜ್ಯದ ಕಾಕಸ್‌ನಲ್ಲಿ 15ಕ್ಕೆ 3ರಂತೆ ಗೆದ್ದು 12 ಪ್ರತಿನಿಧಿಗಳ ಮುನ್ನಡೆ ಗಳಿಸಿದರು. ಅಲ್ಲಿ ಸೇರಿದ್ದವರು ಸುಮಾರು 21 ಸಾವಿರ ಜನ. ಹತ್ತು ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದ ನ್ಯೂಜೆರ್ಸಿಯಲ್ಲಿ ಗೆದ್ದ ಕ್ಲಿಂಟನ್ ಅವರಿಗೆ 59ಕ್ಕೆ 48ರಂತೆ ಸಿಕ್ಕಿದ್ದು 11ರ ಮುನ್ನಡೆ. ಇಲ್ಲಿ ಯಾವ ನಿಯಮವನ್ನೂ ಮುರಿದಿರಲಿಲ್ಲ, ಯಾರೂ ಮೋಸ ಮಾಡಿರಲಿಲ್ಲ. ಒಬಾಮ ಅವರ ತಂಡ ನಿಯಮಾವಳಿಯನ್ನು ಮೊದಲೇ ಕೂಲಂಕಷವಾಗಿ ಓದಿ, ಎಲ್ಲಿ ಶ್ರಮ ಹಾಕಿದರೆ ಎಷ್ಟು ಫಲ ಎಂದು ಅಳೆದಿತ್ತು. ಆದರೂ ನ್ಯೂಜೆರ್ಸಿಯ ಮತದಾರರೊಬ್ಬರು ತಮ್ಮ ಮತದ ತೂಕ ಐಡಹೊದವರ ಮತಕ್ಕಿಂತ ಯಾಕೆ ಇಷ್ಟು ಕಡಿಮೆ ಎಂದು ಕೇಳಿದರೆ, ಅದು ತಳ್ಳಿಹಾಕುವ ಪ್ರಶ್ನೆಯಲ್ಲ.

ಈ ವ್ಯವಸ್ಥೆಯನ್ನು ಒಮ್ಮೆಗೇ ಕುಳಿತು ರೂಪಿಸಿದವರು ಯಾರೂ ಇಲ್ಲ. ಒಂದೊಂದು ಜಗಳಕ್ಕೆ ಹಾಕಿದ ತೇಪೆಯಿಂದ ಇದು ಬೆಳೆದಿದೆ, ಆ ತೇಪೆಯೇ ಮುಂದಿನ ಜಗಳಕ್ಕೆ ಕಾರಣವಾಗಿದೆ. 1912ರಲ್ಲಿ ರಿಪಬ್ಲಿಕನ್ ಪಕ್ಷದ ಕೆಲವೇ ರಾಜ್ಯಗಳಲ್ಲಿ ಪ್ರೈಮರಿ ನಡೆದಿತ್ತು. ಅವುಗಳಲ್ಲಿ ಹೆಚ್ಚಿನವನ್ನು ಥಿಯೊಡೋರ್ ರೂಸ್‌ವೆಲ್ಟ್ ಗೆದ್ದಿದ್ದರು. ಆದರೆ 254 ಪ್ರತಿನಿಧಿ ಸ್ಥಾನಗಳ ಬಗ್ಗೆ ವಿವಾದವೆದ್ದಾಗ, ಹಾಲಿ ಅಧ್ಯಕ್ಷ ವಿಲಿಯಂ ಟಾಫ್ಟ್ ಅವರ ಬೆಂಬಲಿಗರ ಹಿಡಿತದಲ್ಲಿದ್ದ ಪಕ್ಷದ ಸಮಿತಿ 235 ಸ್ಥಾನಗಳನ್ನು ಟಾಫ್ಟ್ ಅವರಿಗೇ ಕೊಟ್ಟಿತು. ರೂಸ್‌ವೆಲ್ಟ್ ಹೊರನಡೆದು ಬೇರೆ ಪಕ್ಷ ಕಟ್ಟಿದರು, ಮತಗಳು ಒಡೆದವು, ಡೆಮಾಕ್ರಟಿಕ್ ಪಕ್ಷದ ವುಡ್ರೊ ವಿಲ್ಸನ್ ಗೆದ್ದರು. ತಕರಾರಿನ ವಿಚಾರಣೆ ಮಾಡುವವರೇ ಒಂದು ಕಡೆಯ ಕಕ್ಷಿದಾರರೂ ಆಗಿರುವ ಆ ತೊಂದರೆಗೆ ಇಂದಿಗೂ ಪೂರ್ತಿ ಪರಿಹಾರ ಸಿಕ್ಕಿಲ್ಲ.

ನಿಯಮ ಪಾಲನೆಯೇ ನ್ಯಾಯ ಎಂಬ ವಾದ ಎಲ್ಲಿ ಕುಸಿಯುತ್ತದೆ ಎಂಬುದನ್ನು ತಿಳಿಯಲು 1964ರ ಆಗಸ್ಟ್‌ಗೆ ಹೋಗಬೇಕು. ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಸಮಾವೇಶ. ಮಿಸಿಸಿಪಿ ರಾಜ್ಯದಿಂದ ಬಂದಿದ್ದ ಅಧಿಕೃತ ತಂಡದಲ್ಲಿ ಎಲ್ಲರೂ ಬಿಳಿಯರು. ರಾಜ್ಯದ ನಿಯಮಗಳ ಪ್ರಕಾರವೇ ಆಯ್ಕೆಯಾದವರು, ಕಾಗದಪತ್ರಗಳಲ್ಲಿ ಯಾವ ಲೋಪವೂ ಇರಲಿಲ್ಲ. ಆದರೆ ಆ ರಾಜ್ಯದ ಜನಸಂಖ್ಯೆಯಲ್ಲಿ ಶೇ 40ಕ್ಕೂ ಹೆಚ್ಚಿದ್ದ ಕಪ್ಪು ಜನರಲ್ಲಿ ಮತದಾರರಾಗಿ ನೋಂದಾಯಿಸಿಕೊಳ್ಳಲು ಸಾಧ್ಯವಾಗಿದ್ದವರು ಶೇ 7ರಷ್ಟೂ ಇರಲಿಲ್ಲ. ಅವರು ಮಿಸಿಸಿಪಿ ಫ್ರೀಡಂ ಡೆಮಾಕ್ರಟಿಕ್ ಪಾರ್ಟಿ ಎಂಬ ಸಂಘಟನೆ ಕಟ್ಟಿ, ತಮ್ಮದೇ ಪ್ರತಿನಿಧಿಗಳನ್ನು ಆರಿಸಿ, ಆ ಸ್ಥಾನಗಳು ತಮಗೆ ಸೇರಬೇಕು ಎಂದು, ಸಮಾವೇಶದಲ್ಲಿ ಯಾರು ಕೂರಬೇಕೆಂಬ ತಕರಾರು ಕೇಳುವ ಅರ್ಹತಾ ಸಮಿತಿಯ ಮುಂದೆ ಬಂದು ನಿಂತರು. ಅವರಲ್ಲಿ ಒಬ್ಬರು ಫ್ಯಾನಿ ಲೂ ಹೇಮರ್, ಹತ್ತಿ ತೋಟದಲ್ಲಿ ಗೇಣಿಗೆ ದುಡಿಯುತ್ತಿದ್ದ ಹೆಂಗಸು. ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಲು ಅರ್ಜಿ ಹಾಕಿದ ತಪ್ಪಿಗೆ ತೋಟದ ಮಾಲೀಕ ತನ್ನನ್ನು ಹೊರಹಾಕಿದ್ದನ್ನು, ಮುಂದಿನ ವರ್ಷ ವಿನೋನ ಎಂಬ ಊರಿನ ಜೈಲಿನಲ್ಲಿ ತನ್ನನ್ನು ಹೊಡೆಸಿದ್ದನ್ನು ಅವರು ಟೆಲಿವಿಷನ್ ಕ್ಯಾಮೆರಾಗಳ ಮುಂದೆ ನಿಧಾನವಾಗಿ, ಒಂದೊಂದಾಗಿ ಹೇಳಿದರು. ಅವರ ಮಾತು ನಡೆಯುತ್ತಿದ್ದಾಗಲೇ ಅಧ್ಯಕ್ಷ ಲಿಂಡನ್ ಜಾನ್ಸನ್ ದಿಢೀರ್ ಪತ್ರಿಕಾಗೋಷ್ಠಿ ಕರೆದು ಕ್ಯಾಮೆರಾಗಳನ್ನು ತಮ್ಮತ್ತ ಸೆಳೆದರು. ಆದರೂ ಸಂಜೆಯ ಪ್ರಸಾರದಲ್ಲಿ ದೇಶವೆಲ್ಲ ಹೇಮರ್ ಅವರ ಸಾಕ್ಷ್ಯವನ್ನು ಕೇಳಿತು. ಪಕ್ಷ ಕೊನೆಗೆ ಅವರ ತಂಡಕ್ಕೆ ಕೊಡಲು ಒಪ್ಪಿದ್ದು ಎರಡು ಸ್ಥಾನಗಳನ್ನು. ಅವರು ಬೇಡವೆಂದರು. ಹೊರಗಿಟ್ಟ ಜನರನ್ನು ಹೊರಗಿಟ್ಟೇ ಬರೆದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದರೆ ಅದು ನ್ಯಾಯವಾಗುವುದಿಲ್ಲ ಎಂದು ನಾನು ನಂಬುವುದು ಈ ಒಂದು ಪ್ರಸಂಗದ ಬಲದಿಂದ. ಮುಂದಿನ ಸಮಾವೇಶಕ್ಕೆ ಜನಾಂಗಭೇದ ಮಾಡುವ ತಂಡಗಳನ್ನು ಸೇರಿಸುವುದಿಲ್ಲ ಎಂಬ ತೀರ್ಮಾನ ಆಗಲೇ ಆಯಿತು; 1968ರಲ್ಲಿ ಮಿಸಿಸಿಪಿಯ ಆಸನಗಳಲ್ಲಿ ಕಪ್ಪು ಮತ್ತು ಬಿಳಿ ಜನರಿಬ್ಬರೂ ಇದ್ದ ಬೇರೆಯದೇ ತಂಡ ಕುಳಿತಿತು.

ಅದೇ 1968 ಇನ್ನೊಂದು ಬಿರುಕನ್ನು ಬಯಲಿಗೆ ತಂದಿತು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಸ್ಪರ್ಧೆಗಿಳಿದ ಯೂಜಿನ್ ಮೆಕಾರ್ತಿ ನ್ಯೂಹ್ಯಾಂಪ್‌ಶೈರ್ ಪ್ರೈಮರಿಯಲ್ಲಿ ಹಾಲಿ ಅಧ್ಯಕ್ಷರ ಎದುರು ಶೇ 42ರಷ್ಟು ಮತ ಪಡೆದರು. ಮಾರ್ಚ್ 31ರಂದು ಜಾನ್ಸನ್ ಕಣದಿಂದ ಹಿಂದೆ ಸರಿದರು. ಜೂನ್‌ನಲ್ಲಿ, ಕ್ಯಾಲಿಫೋರ್ನಿಯಾ ಗೆದ್ದ ರಾತ್ರಿಯೇ ರಾಬರ್ಟ್ ಕೆನಡಿ ಅವರಿಗೆ ಗುಂಡು ಹಾರಿಸಲಾಯಿತು. ಕೊನೆಗೆ ಷಿಕಾಗೊ ಸಮಾವೇಶದಲ್ಲಿ ಅಭ್ಯರ್ಥಿಯಾದವರು ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ, ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದೆ. ಅದೂ ನಿಯಮಬದ್ಧವೇ ಆಗಿತ್ತು. ಆಗ ಹೆಚ್ಚಿನ ಪ್ರತಿನಿಧಿಗಳನ್ನು ಪಕ್ಷದ ಸ್ಥಳೀಯ ಮುಖಂಡರು ಆರಿಸುತ್ತಿದ್ದರು. ಕೆಲವು ರಾಜ್ಯಗಳಲ್ಲಿ ಗವರ್ನರ್ ಹೇಳಿದ್ದೇ ಪಟ್ಟಿ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪ್ರತಿನಿಧಿಗಳ ಆಯ್ಕೆ 1968 ಹುಟ್ಟುವ ಮೊದಲೇ, ಅಂದರೆ ಯಾರು ಸ್ಪರ್ಧಿಸುತ್ತಾರೆ, ಯಾವ ವಿಷಯದ ಮೇಲೆ ಎಂಬುದು ತಿಳಿಯುವ ಮುಂಚೆಯೇ, ಬಹುಮಟ್ಟಿಗೆ ಮುಗಿದಿತ್ತು ಎಂದು ಆಮೇಲೆ ನೇಮಕವಾದ ಆಯೋಗ ಬರೆಯಿತು. ಸಭಾಂಗಣದ ಹೊರಗೆ ಬೀದಿಯಲ್ಲಿ ಪೊಲೀಸರ ಲಾಠಿ ಏಟುಗಳು ಬೀಳುತ್ತಿದ್ದಾಗ, ಸಭಾಂಗಣದ ಒಳಗೆ ಸೋತವರಿಗೆ ಸಮಾಧಾನವಾಗಲೆಂದು ಒಪ್ಪಿಕೊಂಡ ಒಂದು ನಿರ್ಣಯದಿಂದ ಆ ಆಯೋಗ ಹುಟ್ಟಿತು. ಜಾರ್ಜ್ ಮೆಕ್‌ಗವರ್ನ್, ಅನಂತರ ಡೊನಾಲ್ಡ್ ಫ್ರೇಜರ್ ಅದರ ಅಧ್ಯಕ್ಷರಾಗಿದ್ದರು. ಪ್ರತಿನಿಧಿಗಳನ್ನು ಚುನಾವಣೆಯ ವರ್ಷದಲ್ಲೇ, ಬರೆದಿಟ್ಟ ನಿಯಮದ ಪ್ರಕಾರ, ಬಾಗಿಲು ತೆರೆದು ಆರಿಸಬೇಕು. ಮಹಿಳೆಯರು, ಯುವಜನರು, ಅಲ್ಪಸಂಖ್ಯಾತರು ನ್ಯಾಯವಾದ ಪ್ರಮಾಣದಲ್ಲಿರಬೇಕು ಎಂದು ಅದು ವಿಧಿಸಿತು. ಈ ಷರತ್ತುಗಳನ್ನು ಪೂರೈಸಲು ಸುಲಭದ ದಾರಿ ಪ್ರೈಮರಿಯೇ ಎಂದು ಒಂದೊಂದೇ ರಾಜ್ಯ ಕಂಡುಕೊಂಡಿತು. ಇಂದು ನಾವು ನೋಡುವ ಪ್ರೈಮರಿಗಳ ಮೆರವಣಿಗೆ ಶುರುವಾದದ್ದು ಹೀಗೆ.

ಹೊಸ ನಿಯಮಗಳ ಮೊದಲ ಪರೀಕ್ಷೆ 1972ರಲ್ಲಿ, ಮೆಕ್‌ಗವರ್ನ್ ಅವರೇ ಸ್ಪರ್ಧಿಯಾಗಿದ್ದಾಗ ನಡೆಯಿತು. ಕ್ಯಾಲಿಫೋರ್ನಿಯಾದಲ್ಲಿ ಗೆದ್ದವರಿಗೆ ಎಲ್ಲ 271 ಪ್ರತಿನಿಧಿಗಳು ಎಂಬ ನಿಯಮವಿತ್ತು, ಮೆಕ್‌ಗವರ್ನ್ ಗೆದ್ದರು. ಮತ ಎಣಿಕೆಯಾದ ಮೇಲೆ ಎದುರಾಳಿಗಳು ಈ ನಿಯಮ ನ್ಯಾಯವಲ್ಲ, ಮತದ ಪ್ರಮಾಣದಲ್ಲಿ ಹಂಚಬೇಕು ಎಂದರು. ಅರ್ಹತಾ ಸಮಿತಿ 151 ಪ್ರತಿನಿಧಿಗಳನ್ನು ಕಿತ್ತುಕೊಂಡಿತು, ಇಡೀ ಸಮಾವೇಶ ಮತ ಹಾಕಿದಾಗ ಅವರು ಮರಳಿ ಸಿಕ್ಕರು. ಆಟ ಮುಗಿದ ಮೇಲೆ ನಿಯಮ ಬದಲಿಸಬೇಡಿ ಎಂಬುದು ಮೆಕ್‌ಗವರ್ನ್ ತಂಡದ ವಾದ. ನನಗೆ ಅದು ಸರಿಯೆಂದೇ ತೋರುತ್ತದೆ. ಆದರೆ ಅದೇ ಸಮಾವೇಶದಲ್ಲಿ ಷಿಕಾಗೊ ಮೇಯರ್ ರಿಚರ್ಡ್ ಡೇಲಿ ಅವರ ತಂಡದ 59 ಪ್ರತಿನಿಧಿಗಳನ್ನು ಹೊರಗಟ್ಟಲಾಯಿತು. ಅವರನ್ನು ಜನ ಮತ ಹಾಕಿ ಆರಿಸಿದ್ದರು, ಆದರೆ ಪಟ್ಟಿ ತಯಾರಿಸಿದ ರೀತಿ ಹೊಸ ನಿಯಮಗಳಿಗೆ ವಿರುದ್ಧವಾಗಿತ್ತು. ನಿಯಮದ ದೃಷ್ಟಿಯಿಂದ ಎರಡೂ ತೀರ್ಮಾನಗಳು ಒಂದಕ್ಕೊಂದು ಹೊಂದುತ್ತವೆ. ಷಿಕಾಗೊದ ಮತದಾರನಿಗೆ ಮಾತ್ರ ತನ್ನ ಮತವನ್ನು ದೂರದ ಸಮಿತಿಯೊಂದು ಅಳಿಸಿಹಾಕಿತು ಎಂದಷ್ಟೇ ಕಂಡಿತು. ಈ ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1975ರಲ್ಲಿ ಕೋರ್ಟ್ ರಾಷ್ಟ್ರೀಯ ಪಕ್ಷದ ಪರವಾಗಿ ನಿಂತಿತು: ತನ್ನ ಸಮಾವೇಶದಲ್ಲಿ ಯಾರು ಕೂರಬೇಕೆಂಬ ವಿಷಯದಲ್ಲಿ ಪಕ್ಷದ ಹಕ್ಕಿಗೆ ರಾಜ್ಯದ ಕಾನೂನು ಅಡ್ಡಬರುವಂತಿಲ್ಲ.

1980ರಲ್ಲಿ ಪ್ರಶ್ನೆ ಇನ್ನೊಂದು ಮಗ್ಗುಲಿಗೆ ಹೊರಳಿತು. ಹಾಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಪ್ರೈಮರಿಗಳಲ್ಲಿ ಬೇಕಾದಷ್ಟು ಪ್ರತಿನಿಧಿಗಳನ್ನು ಗೆದ್ದಿದ್ದರೂ ಬೇಸಿಗೆಯ ಹೊತ್ತಿಗೆ ಅವರ ಜನಪ್ರಿಯತೆ ಕುಸಿದಿತ್ತು. ಪ್ರತಿನಿಧಿಗಳು ತಮ್ಮ ಆತ್ಮಸಾಕ್ಷಿಯಂತೆ ಮತ ಹಾಕಲಿ ಎಂದು ಎದುರಾಳಿ ಎಡ್ವರ್ಡ್ ಕೆನಡಿ ಕೇಳಿದರು, ಗೆದ್ದ ಅಭ್ಯರ್ಥಿಗೇ ಮತ ಹಾಕಬೇಕೆಂಬ ನಿಯಮವನ್ನು ಕಾರ್ಟರ್ ತಂಡ ಉಳಿಸಿಕೊಂಡಿತು. ನವೆಂಬರ್ ಚುನಾವಣೆಯಲ್ಲಿ ಕಾರ್ಟರ್ ಸೋತರು, ಪಕ್ಷ ಯೋಚಿಸಿತು. ಬದ್ಧತೆಯ ನಿಯಮವನ್ನು ಸಡಿಲಿಸಿ, ಪ್ರತಿನಿಧಿಗಳು ತಮ್ಮನ್ನು ಆರಿಸಿದವರ ಮನಸ್ಸನ್ನು ‘ಶುದ್ಧ ಆತ್ಮಸಾಕ್ಷಿಯಿಂದ’ ಪ್ರತಿಬಿಂಬಿಸಬೇಕು ಎಂದು ಬರೆದುಕೊಂಡಿತು. ಈ ಸಣ್ಣ ತಿದ್ದುಪಡಿ ನಾಲ್ಕು ದಶಕಗಳ ನಂತರ ದೊಡ್ಡ ಕೆಲಸಕ್ಕೆ ಬರಲಿತ್ತು. ಜೊತೆಗೆ, ನಾರ್ತ್ ಕೆರೊಲಿನಾದ ಗವರ್ನರ್ ಜೇಮ್ಸ್ ಹಂಟ್ ಅವರ ಆಯೋಗದ ಸಲಹೆಯಂತೆ 1984ರಿಂದ ಪಕ್ಷದ ಸಂಸದರು, ಗವರ್ನರುಗಳು, ಪದಾಧಿಕಾರಿಗಳು ಯಾವ ಪ್ರೈಮರಿಗೂ ಬದ್ಧರಾಗದೆ ಸಮಾವೇಶದಲ್ಲಿ ಮತ ಹಾಕಬಹುದಾಯಿತು. ಇವರೇ ಸೂಪರ್ ಡೆಲಿಗೇಟುಗಳು. 1968ರ ನಂತರ ಬಾಗಿಲಾಚೆ ಕಳಿಸಿದ ಮುಖಂಡರಿಗೆ ಮನೆಯಲ್ಲಿ ಒಂದು ಕೋಣೆಯನ್ನು ಮತ್ತೆ ಬಿಟ್ಟುಕೊಟ್ಟ ಹಾಗಾಯಿತು.

ಈಗ 2008ರ ಮೇ 31ರ ಶನಿವಾರ. ವಾಷಿಂಗ್ಟನ್ನಿನ ಹೋಟೆಲೊಂದರ ದೊಡ್ಡ ಸಭಾಂಗಣದಲ್ಲಿ ಡೆಮಾಕ್ರಟಿಕ್ ಪಕ್ಷದ ನಿಯಮ ಮತ್ತು ಉಪನಿಯಮಗಳ ಸಮಿತಿ ಸೇರಿತ್ತು. ಸಾಮಾನ್ಯವಾಗಿ ಯಾರೂ ತಿರುಗಿ ನೋಡದ ಈ ಸಮಿತಿಯ ಕಲಾಪವನ್ನು ಅಂದು ದೇಶವೆಲ್ಲ ಟಿವಿಯಲ್ಲಿ ನೋಡುತ್ತಿತ್ತು. ಹಿನ್ನೆಲೆ ಇದು: ಐಯೋವಾ, ನ್ಯೂಹ್ಯಾಂಪ್‌ಶೈರ್, ನೆವಾಡಾ, ಸೌತ್ ಕೆರೊಲಿನಾ ಬಿಟ್ಟು ಉಳಿದ ಯಾವ ರಾಜ್ಯವೂ ಫೆಬ್ರುವರಿ 5ಕ್ಕಿಂತ ಮೊದಲು ಮತದಾನ ನಡೆಸುವಂತಿಲ್ಲ ಎಂದು ಪಕ್ಷ ಹೇಳಿತ್ತು. ಮಿಶಿಗನ್ ಜನವರಿ 15ಕ್ಕೆ, ಫ್ಲಾರಿಡಾ ಜನವರಿ 29ಕ್ಕೆ ನಡೆಸಿಬಿಟ್ಟವು. ಫ್ಲಾರಿಡಾದಲ್ಲಿ ದಿನಾಂಕ ನಿಗದಿಪಡಿಸುವ ಶಾಸನಸಭೆ ರಿಪಬ್ಲಿಕನ್ನರ ಹಿಡಿತದಲ್ಲಿತ್ತು ಎಂಬುದೂ ಸೇರಿಕೊಂಡಿತು. ನಿಯಮದಲ್ಲಿ ಬರೆದಿದ್ದ ಶಿಕ್ಷೆ ಅರ್ಧದಷ್ಟು ಪ್ರತಿನಿಧಿಗಳ ಕಡಿತ. ಸಮಿತಿ ಇನ್ನೂ ಬಿಗಿಯಾಗಿ, ಎರಡೂ ರಾಜ್ಯಗಳ ಪೂರ್ತಿ ಪ್ರತಿನಿಧಿಗಳನ್ನೇ ಕಳೆದಿತ್ತು. ಅಭ್ಯರ್ಥಿಗಳು ಅಲ್ಲಿ ಪ್ರಚಾರ ಮಾಡಲಿಲ್ಲ. ಮಿಶಿಗನ್ ಮತಪತ್ರದಿಂದ ಒಬಾಮ ತಮ್ಮ ಹೆಸರನ್ನು ಹಿಂತೆಗೆದುಕೊಂಡರು, ಕ್ಲಿಂಟನ್ ಉಳಿಸಿಕೊಂಡರು. ಆದರೂ ಫ್ಲಾರಿಡಾದಲ್ಲಿ ಸುಮಾರು 17 ಲಕ್ಷ, ಮಿಶಿಗನ್‌ನಲ್ಲಿ ಸುಮಾರು 6 ಲಕ್ಷ ಜನ ಬಂದು ಮತ ಹಾಕಿದರು. ಮಿಶಿಗನ್‌ನಲ್ಲಿ ಕ್ಲಿಂಟನ್ ಅವರಿಗೆ ಶೇ 55 ಬಂದರೆ, ‘ಯಾರಿಗೂ ಬದ್ಧವಲ್ಲ’ ಎಂಬ ಆಯ್ಕೆಗೆ ಶೇ 40 ಬಿದ್ದಿತ್ತು.

ವಸಂತದ ಹೊತ್ತಿಗೆ ಕ್ಲಿಂಟನ್ ಹಿಂದುಳಿದಿದ್ದರು, ಈ ಎರಡು ರಾಜ್ಯಗಳು ಲೆಕ್ಕಕ್ಕೆ ಬಂದರೆ ಅಂತರ ಕಡಿಮೆಯಾಗುತ್ತಿತ್ತು. ಆ ದಿನ ಅವರ ಪರವಾಗಿ ಅತ್ಯಂತ ಆವೇಶದಿಂದ ವಾದಿಸಿದ ಹೆರಾಲ್ಡ್ ಇಕಿಸ್ ಅದೇ ಸಮಿತಿಯ ಸದಸ್ಯರು. ಹಿಂದಿನ ವರ್ಷ ಆ ಪ್ರತಿನಿಧಿಗಳನ್ನು ಕಿತ್ತುಹಾಕುವ ಪರವಾಗಿ ಕೈಯೆತ್ತಿದ್ದವರು. ಫ್ಲಾರಿಡಾದ ಎಲ್ಲ ಪ್ರತಿನಿಧಿಗಳನ್ನು ಅರ್ಧ ಮತದೊಂದಿಗೆ ಸೇರಿಸಲು ಸಮಿತಿ 27–0ರಿಂದ ಒಪ್ಪಿತು. ಮಿಶಿಗನ್ ಮಾತ್ರ ಕಗ್ಗಂಟಾಯಿತು: ಹೆಸರೇ ಇಲ್ಲದ ಮತಪತ್ರದಲ್ಲಿ ಒಬಾಮ ಅವರಿಗೆ ಎಷ್ಟು ಮತ ಬಿತ್ತು ಎಂದು ಹೇಗೆ ಹೇಳುವುದು? ರಾಜ್ಯ ಘಟಕ ಸೂಚಿಸಿದ ರಾಜಿಯಂತೆ ಕ್ಲಿಂಟನ್ ಅವರಿಗೆ 69, ಒಬಾಮ ಅವರಿಗೆ 59, ಎಲ್ಲವೂ ಅರ್ಧ ಮತದವು ಎಂದು 19–8ರಿಂದ ತೀರ್ಮಾನವಾಯಿತು. ಮತಗಳ ಲೆಕ್ಕದಂತೆ ತಮಗೆ ನಾಲ್ವರು ಹೆಚ್ಚು ಬರಬೇಕಿತ್ತು, ಆ ನಾಲ್ವರನ್ನು ಅಪಹರಿಸಲಾಗಿದೆ ಎಂದು ಇಕಿಸ್ ಗುಡುಗಿದರು. ಹಿಂದಿನ ಸಾಲುಗಳಿಂದ ‘ಡೆನ್ವರ್, ಡೆನ್ವರ್’ ಎಂಬ ಕೂಗು ಎದ್ದಿತು. ಹೋರಾಟವನ್ನು ಡೆನ್ವರ್ ಸಮಾವೇಶದವರೆಗೂ ಒಯ್ಯುತ್ತೇವೆ ಎಂಬುದು ಅದರ ಅರ್ಥ. ಎಂಟು ಮತಗಳು ವಿರುದ್ಧ ಬಿದ್ದ ಆ ನಿರ್ಧಾರವನ್ನು ನಾನು ಸಮರ್ಥಿಸಲಾರೆ, ಅದಕ್ಕಿಂತ ಒಳ್ಳೆಯದು ಏನಿತ್ತು ಎಂದು ಹೇಳಲೂ ಆರೆ. ಮತಗಳು ಎಣಿಕೆಯಾಗುವುದಿಲ್ಲ ಎಂಬ ಪ್ರಕಟಣೆಯನ್ನು ನಂಬಿ ಮನೆಯಲ್ಲೇ ಉಳಿದ ಮಿಶಿಗನ್ನಿಗರಿದ್ದರು, ನಂಬದೆ ಹೋಗಿ ಮತ ಹಾಕಿದವರಿದ್ದರು. ಯಾವ ಲೆಕ್ಕವೂ ಇಬ್ಬರಿಗೂ ಒಟ್ಟಿಗೆ ನ್ಯಾಯ ಕೊಡುವಂತಿರಲಿಲ್ಲ.

ಎಂಟು ವರ್ಷದ ನಂತರ, 2016ರ ಸ್ಪರ್ಧೆಯಲ್ಲಿ, ಕ್ಲಿಂಟನ್ ಅವರ ಎದುರಾಳಿ ಬರ್ನಿ ಸ್ಯಾಂಡರ್ಸ್ ಬೆಂಬಲಿಗರ ಸಿಟ್ಟಿಗೆ ಗುರಿಯಾದದ್ದು 1984ರ ಆ ತೇಪೆ. 2015ರ ನವೆಂಬರ್‌ನಲ್ಲಿ, ಒಂದು ಮತವೂ ಬೀಳುವ ಮೊದಲು, ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ನಡೆಸಿದ ಸಮೀಕ್ಷೆಯಲ್ಲಿ 359 ಸೂಪರ್ ಡೆಲಿಗೇಟುಗಳು ಕ್ಲಿಂಟನ್ ಪರ, 8 ಜನ ಸ್ಯಾಂಡರ್ಸ್ ಪರ ಇದ್ದರು. ಫೆಬ್ರುವರಿಯಲ್ಲಿ ಸ್ಯಾಂಡರ್ಸ್ ನ್ಯೂಹ್ಯಾಂಪ್‌ಶೈರನ್ನು ಶೇ 60–38ರಿಂದ ಗೆದ್ದು 15 ಪ್ರತಿನಿಧಿಗಳನ್ನು ಪಡೆದರು. ಕ್ಲಿಂಟನ್ ಅವರಿಗೆ ಮತದಿಂದ 9, ಸೂಪರ್ ಡೆಲಿಗೇಟುಗಳಿಂದ 6, ಒಟ್ಟು 15. ಇಪ್ಪತ್ತೆರಡು ಅಂಶಗಳ ಗೆಲುವು ಪರದೆಯ ಮೇಲೆ ಸಮಬಲವಾಗಿ ಕಂಡಾಗ ಆ ರಾಜ್ಯದ ಯುವ ಮತದಾರನಿಗೆ ಏನನ್ನಿಸಿರಬಹುದು? ಸೂಪರ್ ಡೆಲಿಗೇಟುಗಳು ಮತದಿಂದ ಗಳಿಸಿದ ಪ್ರತಿನಿಧಿಗಳಲ್ಲಿ ಮುಂದಿದ್ದವರನ್ನು ಉರುಳಿಸಿದ ಉದಾಹರಣೆ ಒಂದೂ ಇಲ್ಲ, ಅವರು ಮನಸ್ಸು ಬದಲಿಸಬಹುದು ಎಂಬ ವಿವರಣೆಗಳೆಲ್ಲ ನಿಜ. ಆದರೆ ಮೊದಲ ದಿನದಿಂದ ಕಾಣುವ ಭಾರಿ ಮುನ್ನಡೆಯೊಂದು ಸ್ಪರ್ಧೆಯ ಗಾಳಿಯನ್ನೇ ಬದಲಿಸುತ್ತದೆ ಎಂಬುದೂ ನಿಜ.

ಇನ್ನೊಂದು ದೂರು ನೋಂದಣಿಯದು, ಇದು ಅಲ್ಲಿ ನೆಲೆಸಿ ಪೌರತ್ವ ಪಡೆದ ಕನ್ನಡಿಗರಿಗೂ ತಟ್ಟುವಂಥದ್ದು. ನ್ಯೂಯಾರ್ಕ್ ಪ್ರೈಮರಿಯಲ್ಲಿ ಆಯಾ ಪಕ್ಷಕ್ಕೆ ಹೆಸರು ನೋಂದಾಯಿಸಿದವರಷ್ಟೇ ಮತ ಹಾಕಬಹುದು. 2016ರ ಏಪ್ರಿಲ್ 19ರ ಮತದಾನಕ್ಕೆ, ಮೊದಲೇ ಪಟ್ಟಿಯಲ್ಲಿದ್ದವರು ಪಕ್ಷ ಬದಲಿಸಿಕೊಳ್ಳಲು ಕೊನೆಯ ದಿನ 2015ರ ಅಕ್ಟೋಬರ್ 9 ಆಗಿತ್ತು, ಅಂದರೆ ಆರು ತಿಂಗಳಿಗೂ ಹಿಂದೆ. ಯಾವ ಪಕ್ಷಕ್ಕೂ ಸೇರದೆ ಇದ್ದು ಸ್ಯಾಂಡರ್ಸ್ ಅವರನ್ನು ಮೆಚ್ಚಿ ಬಂದ ಬಹಳ ಜನ ಮತಗಟ್ಟೆಯಿಂದ ಹಿಂದಿರುಗಬೇಕಾಯಿತು. ಡೊನಾಲ್ಡ್ ಟ್ರಂಪ್ ಅವರ ಮಕ್ಕಳಾದ ಇವಾಂಕಾ ಮತ್ತು ಎರಿಕ್ ಕೂಡ ಆ ಗಡುವು ತಪ್ಪಿಸಿಕೊಂಡು, ರಿಪಬ್ಲಿಕನ್ ಪ್ರೈಮರಿಯಲ್ಲಿ ತಂದೆಗೆ ಮತ ಹಾಕಲಾಗಲಿಲ್ಲ. ಪಕ್ಷದ ಅಭ್ಯರ್ಥಿಯನ್ನು ಪಕ್ಷದವರೇ ಆರಿಸಲಿ ಎಂಬುದರಲ್ಲಿ ತಪ್ಪಿಲ್ಲ. ಆದರೆ ಸ್ಪರ್ಧಿಗಳ ಪರಿಚಯವೇ ಜನರಿಗೆ ಆಗುವ ಮೊದಲು ಬಾಗಿಲು ಹಾಕುವ ಗಡುವನ್ನು, ನಿಯಮ ಎಂಬ ಒಂದೇ ಕಾರಣಕ್ಕೆ, ನ್ಯಾಯವೆನ್ನಲಾಗದು. ಟ್ರಂಪ್ ಅವರ ದೂರೂ ಆ ವರ್ಷ ಇದೇ ಧಾಟಿಯದು: ಕೊಲೊರಾಡೊದಲ್ಲಿ ರಿಪಬ್ಲಿಕನ್ನರು ಜನಮತವನ್ನೇ ಕೇಳದೆ ಪಕ್ಷದ ಸಭೆಗಳಲ್ಲೇ ಪ್ರತಿನಿಧಿಗಳನ್ನು ಆರಿಸಿದರು, ಆ 34ನ್ನೂ ಎದುರಾಳಿ ಟೆಡ್ ಕ್ರೂಜ್ ಬಾಚಿಕೊಂಡರು.

ಜುಲೈ 22ರಂದು, ಫಿಲಡೆಲ್ಫಿಯಾ ಸಮಾವೇಶಕ್ಕೆ ಮೂರೇ ದಿನವಿದ್ದಾಗ, ಡೆಮಾಕ್ರಟಿಕ್ ರಾಷ್ಟ್ರೀಯ ಸಮಿತಿಯಿಂದ ಕದ್ದ ಇಮೇಲುಗಳನ್ನು ವಿಕಿಲೀಕ್ಸ್ ಹೊರಬಿಟ್ಟಿತು. ತಟಸ್ಥರಾಗಿರಬೇಕಾದ ಸಿಬ್ಬಂದಿ ಸ್ಯಾಂಡರ್ಸ್ ಬಗ್ಗೆ ಹಗುರವಾಗಿ ಬರೆದಿದ್ದರು, ಒಬ್ಬರು ಅವರ ಧಾರ್ಮಿಕ ನಂಬಿಕೆಯನ್ನು ಪ್ರಶ್ನೆಯಾಗಿ ಎತ್ತಬಹುದೇ ಎಂದೂ ಸೂಚಿಸಿದ್ದರು. ಸಮಿತಿಯ ಅಧ್ಯಕ್ಷೆ ಡೆಬಿ ವಾಸರ್‌ಮನ್ ಶುಲ್ಜ್ ರಾಜೀನಾಮೆ ಘೋಷಿಸಿದರು. ಇಲ್ಲಿ ಎರಡು ಮಾತುಗಳನ್ನು ಬೇರೆಬೇರೆಯಾಗಿ ಹಿಡಿಯಬೇಕು. ಪಕ್ಷಪಾತ ಇತ್ತು, ಅದು ಬರಹದಲ್ಲೇ ಸಿಕ್ಕಿತು. ಆದರೆ ಮತಗಳನ್ನು ತಿರುಚಿದ್ದಕ್ಕೆ ಆ ಇಮೇಲುಗಳಲ್ಲಿ ಪುರಾವೆ ಇಲ್ಲ; ಕ್ಲಿಂಟನ್ ಸುಮಾರು 1.69 ಕೋಟಿ, ಸ್ಯಾಂಡರ್ಸ್ ಸುಮಾರು 1.32 ಕೋಟಿ ಮತ ಪಡೆದಿದ್ದರು, ಮತಕ್ಕೆ ಬದ್ಧರಾದ ಪ್ರತಿನಿಧಿಗಳಲ್ಲೂ ಕ್ಲಿಂಟನ್ ಮುಂದಿದ್ದರು.

ಸ್ಯಾಂಡರ್ಸ್‌ಗೆ ದೇಣಿಗೆ ಕೊಟ್ಟಿದ್ದ ಕೆಲವರು ಫ್ಲಾರಿಡಾದ ಫೆಡರಲ್ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದರು. ಸಮಿತಿ ಎಲ್ಲ ಸ್ಪರ್ಧಿಗಳ ನಡುವೆ ನಿಷ್ಪಕ್ಷಪಾತವಾಗಿರತಕ್ಕದ್ದು ಎಂದು ಪಕ್ಷದ ಸಂವಿಧಾನದಲ್ಲೇ ಬರೆದಿದೆ, ಅದನ್ನು ನಂಬಿ ನಾವು ಹಣ ಕೊಟ್ಟೆವು ಎಂಬುದು ಅವರ ವಾದ. ಪಕ್ಷದ ವಕೀಲರು ಕೊಟ್ಟ ಉತ್ತರದ ಸಾರ ಇದು: ಇದು ಪಕ್ಷದ ಆಂತರಿಕ ನಿಯಮ, ಬೇಕಿದ್ದರೆ ಪಕ್ಷ ಹಿಂದಿನಂತೆ ಮುಚ್ಚಿದ ಕೋಣೆಯಲ್ಲಿ ಕುಳಿತು ಅಭ್ಯರ್ಥಿಯನ್ನು ಆರಿಸಿಕೊಳ್ಳಬಹುದಿತ್ತು. 2017ರ ಆಗಸ್ಟ್‌ನಲ್ಲಿ ನ್ಯಾಯಾಲಯ ಮೊಕದ್ದಮೆಯನ್ನು ವಜಾ ಮಾಡಿತು. ಪಕ್ಷಪಾತ ನಡೆಯಿತೇ ಇಲ್ಲವೇ ಎಂಬುದನ್ನು ಅದು ತೀರ್ಮಾನಿಸಲಿಲ್ಲ. ಈ ದೂರನ್ನು ಕೇಳುವ ಜಾಗ ತನ್ನದಲ್ಲ ಎಂದಿತು. ಕಾನೂನಿನ ಪ್ರಕಾರ ವಕೀಲರ ಮಾತು ಸರಿ. ಅದನ್ನು ಓದಿದಾಗ ನನಗೆ ನೋವಾದದ್ದೂ ಸುಳ್ಳಲ್ಲ. ಐದು ತಿಂಗಳು ಜನರನ್ನು ಸಾಲಿನಲ್ಲಿ ನಿಲ್ಲಿಸಿದ ಸಂಸ್ಥೆ, ಆ ಸಾಲು ತನ್ನ ಕೃಪೆಯಿಂದ ಇತ್ತು ಎಂದು ನ್ಯಾಯಾಲಯದಲ್ಲಿ ಹೇಳಬಾರದಿತ್ತು.

ನ್ಯಾಯಾಲಯದಲ್ಲಿ ಸಿಗದ್ದು ಪಕ್ಷದೊಳಗಿನ ಒತ್ತಡದಿಂದ ಸ್ವಲ್ಪಮಟ್ಟಿಗೆ ಸಿಕ್ಕಿತು. 2018ರ ಆಗಸ್ಟ್‌ನಲ್ಲಿ, ಅದೂ ಷಿಕಾಗೊದಲ್ಲೇ, ಸೂಪರ್ ಡೆಲಿಗೇಟುಗಳು ಪೈಪೋಟಿಯಿರುವ ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ ಎಂದು ಪಕ್ಷ ತೀರ್ಮಾನಿಸಿತು. ಕಾಕಸ್‌ಗಳು ಬೆರಳೆಣಿಕೆಗೆ ಇಳಿದವು, ಉಳಿದವು ತಮ್ಮ ಮೂಲ ಮತಸಂಖ್ಯೆಯನ್ನು ಪ್ರಕಟಿಸಬೇಕಾಯಿತು. 2020ರ ಫೆಬ್ರುವರಿ 3ರ ಐಯೋವಾ ಕಾಕಸ್‌ನಲ್ಲಿ ಹಾಗೆ ಮೂರು ಬಗೆಯ ಲೆಕ್ಕಗಳನ್ನು ಕಳುಹಿಸಬೇಕಿತ್ತು. ಅದಕ್ಕೆಂದು ಮಾಡಿಸಿದ ಆ್ಯಪ್ ಕೆಟ್ಟು ಫಲಿತಾಂಶ ದಿನಗಟ್ಟಲೆ ತಡವಾಯಿತು. ಬಂದಾಗ ಒಂದು ಲೆಕ್ಕದಲ್ಲಿ ಸ್ಯಾಂಡರ್ಸ್, ಇನ್ನೊಂದರಲ್ಲಿ ಪೀಟ್ ಬುಟಿಜೆಜ್ ಮುಂದಿದ್ದರು. ಇಬ್ಬರೂ ಗೆದ್ದೆವೆಂದರು. ಹಿಂದೆಯೂ ಇಂಥ ವ್ಯತ್ಯಾಸಗಳಿದ್ದಿರಬಹುದು, ಆಗ ಹೊರಗಿನವರಿಗೆ ನೋಡಲು ಸಂಖ್ಯೆಗಳೇ ಇರಲಿಲ್ಲ.

2024ರಲ್ಲಿ ಹಳೆಯ ಎರಡು ಎಳೆಗಳು ಮತ್ತೆ ಕಾಣಿಸಿದವು. ಜುಲೈ 21ರಂದು ಜೋ ಬೈಡನ್ ಕಣದಿಂದ ಸರಿದಾಗ, ಸುಮಾರು 1.4 ಕೋಟಿ ಮತದಾರರು ಆರಿಸಿದ್ದ ಅಭ್ಯರ್ಥಿಯ ಪ್ರತಿನಿಧಿಗಳು ಏಕಾಏಕಿ ಸ್ವತಂತ್ರರಾದರು. 1980ರ ಸೋಲಿನ ನಂತರ ಬರೆದ ಆತ್ಮಸಾಕ್ಷಿಯ ವಾಕ್ಯದ ಮೇಲೆ ಎಲ್ಲರ ಕಣ್ಣು ಬಿತ್ತು. ಓಹಯೊ ರಾಜ್ಯದ ಮತಪತ್ರದ ಗಡುವಿಗೆ ಅಂಜಿ ಪಕ್ಷ ಸಮಾವೇಶಕ್ಕೆ ಮೊದಲೇ ಆನ್‌ಲೈನ್ ಮತದಾನ ನಡೆಸಿ, ಆಗಸ್ಟ್ 5ಕ್ಕೆ ಕಮಲಾ ಹ್ಯಾರಿಸ್ ಅವರ ಆಯ್ಕೆಯನ್ನು ಮುಗಿಸಿತು. ಹ್ಯಾರಿಸ್ ಆ ವರ್ಷ ಪ್ರೈಮರಿಗಳಲ್ಲಿ ಸ್ಪರ್ಧಿಸಿರಲಿಲ್ಲ, ನಿಯಮ ಮುರಿದಿರಲೂ ಇಲ್ಲ.

ಇನ್ನೊಂದು ಎಳೆ ನ್ಯೂಹ್ಯಾಂಪ್‌ಶೈರಿನದು. ತನ್ನ ಪ್ರೈಮರಿಯೇ ದೇಶದಲ್ಲಿ ಮೊದಲನೆಯದಾಗಿರಬೇಕು ಎಂದು ಆ ರಾಜ್ಯ 1975ರಲ್ಲೇ ಕಾನೂನು ಮಾಡಿಕೊಂಡಿದೆ. 2024ಕ್ಕೆ ಪಕ್ಷ ಮೊದಲ ಸ್ಥಾನವನ್ನು, ಕಪ್ಪು ಮತದಾರರು ಹೆಚ್ಚಿರುವ ಸೌತ್ ಕೆರೊಲಿನಾಕ್ಕೆ ಕೊಟ್ಟಿತು. ನ್ಯೂಹ್ಯಾಂಪ್‌ಶೈರ್ ಒಪ್ಪದೆ ಜನವರಿ 23ಕ್ಕೇ ಮತದಾನ ನಡೆಸಿತು. ಪಕ್ಷ ಅದಕ್ಕೆ ಬೆಲೆಯಿಲ್ಲ ಎಂದಿತು. ಬೈಡನ್ ಹೆಸರು ಮತಪತ್ರದಲ್ಲಿ ಇರಲಿಲ್ಲ, ಜನ ಕೈಯಲ್ಲಿ ಬರೆದು ಅವರನ್ನು ಗೆಲ್ಲಿಸಿದರು. ವಸಂತದಲ್ಲಿ ರಾಜ್ಯ ಘಟಕ ಪ್ರತಿನಿಧಿಗಳನ್ನು ಆರಿಸಲು ತನ್ನದೇ ಒಂದು ಸಣ್ಣ ಪ್ರಕ್ರಿಯೆ ನಡೆಸಿದ ಮೇಲೆ ಪಕ್ಷ ಕಿತ್ತುಕೊಂಡಿದ್ದ ಪ್ರತಿನಿಧಿ ಸ್ಥಾನಗಳನ್ನು ಹಿಂತಿರುಗಿಸಿತು. 2008ರಲ್ಲೂ ಹೀಗೇ ಆಗಿತ್ತು: ಮೇ 31ರಂದು ಅಷ್ಟು ಕೂಗಾಟದ ನಡುವೆ ಅರ್ಧಕ್ಕೆ ಇಳಿಸಿದ ಫ್ಲಾರಿಡಾ ಮತ್ತು ಮಿಶಿಗನ್ ಮತಗಳನ್ನು, ಅಭ್ಯರ್ಥಿ ಯಾರೆಂದು ಖಚಿತವಾದ ಮೇಲೆ, ಆಗಸ್ಟ್‌ನಲ್ಲಿ ಡೆನ್ವರ್‌ನಲ್ಲಿ ಪೂರ್ತಿ ಮರಳಿಸಲಾಯಿತು. ನವೆಂಬರ್‌ನಲ್ಲಿ ಆ ರಾಜ್ಯಗಳ ಮತ ಪಕ್ಷಕ್ಕೆ ಬೇಕು, ಅಲ್ಲಿಯ ಕಾರ್ಯಕರ್ತರನ್ನು ಮುನಿಸಿಕೊಂಡೇ ಕಳುಹಿಸಲಾಗದು. ದಿನಾಂಕದ ನಿಯಮವನ್ನು ಮುರಿದ ರಾಜ್ಯಗಳಿಗೆ ಇದು ಗೊತ್ತಿದೆ. ಅದನ್ನು ಪಾಲಿಸಿ ತಮ್ಮ ಸರದಿಗೆ ಕಾದ ರಾಜ್ಯಗಳಿಗೂ ಗೊತ್ತಿದೆ.